ಹದಿನೇಳು ಕಿಟಕಿಗಳ ಅಲಾರಂ ಅಕ್ಕ

ಬೆಳಗಿನ ಆರು ಗಂಟೆ. ಮಿಲ್ಲಿನ ಹಿಂದಿನ ಓಣಿಯಲ್ಲಿ ಒಬ್ಬಾಕೆ ಬೀಗದ ಕೈ ಗೊಂಚಲಿನಿಂದ ಕಿಟಕಿಯ ಸರಳು ಬಡಿಯುತ್ತಿದ್ದಾರೆ. ಒಳಗಿನಿಂದ "ಹ್ಞೂಂ, ಎದ್ದೆ" ಎಂಬ ದನಿ ಬರುತ್ತದೆ. ಅವರು ಕದಲುವುದಿಲ್ಲ. "ಹ್ಞೂಂ ಅಂದ್ರೆಲ್ಲ ನಂಬಲ್ಲ ಕಣೋ, ಮುಖ ತೋರ್ಸು." ಕೆದರಿದ ತಲೆಯೊಂದು ಕಿಟಕಿಗೆ ಬಂದ ಮೇಲೆಯೇ ಮುಂದಿನ ಮನೆ.

ಇವರು ಊರಿನ ಸರ್ಕಾರಿ ಮಾಧ್ಯಮಿಕ ಶಾಲೆಯ ಅಟೆಂಡರ್. ಕಸ ಗುಡಿಸುವುದು, ಗಂಟೆ ಹೊಡೆಯುವುದು ಕೆಲಸ. ಮಕ್ಕಳನ್ನು ಎಬ್ಬಿಸಿ ಎಂದು ಯಾರೂ ಹೇಳಿಲ್ಲ. ಆದರೆ ಈ ಓಣಿಯ ಅಪ್ಪ ಅಮ್ಮಂದಿರು ಐದೂವರೆಗೇ ಮಿಲ್ಲಿನ ಪಾಳಿಗೆ ಹೊರಟುಬಿಡುತ್ತಾರೆ. ಎಬ್ಬಿಸುವವರಿಲ್ಲದ ಮಕ್ಕಳು ಮೊದಮೊದಲು ಎರಡನೇ ಪೀರಿಯಡ್‌ಗೆ ಬರುತ್ತಿದ್ದರು, ಆಮೇಲೆ ಬರುವುದನ್ನೇ ಬಿಡುತ್ತಿದ್ದರು. ಹಾಗಾಗಿ ಒಂಬತ್ತು ವರ್ಷದಿಂದ ದಿನಕ್ಕೆ ಹದಿನೇಳು ಕಿಟಕಿ, ಇಪ್ಪತ್ತಮೂರು ಮಕ್ಕಳು. ಮಕ್ಕಳ ಬಾಯಲ್ಲಿ ಇವರು ಅಲಾರಂ ಅಕ್ಕ.

ವಯಸ್ಸು ಐವತ್ತೇಳು. ಮಂಡಿ ಹೇಳಿದ ಮಾತು ಕೇಳುವುದಿಲ್ಲ. ಗಂಡ ಗೋದಾಮಿನ ರಾತ್ರಿ ಕಾವಲುಗಾರ. "ನಾನು ಹೊರಡೋ ಹೊತ್ತಿಗೆ ಅವರು ಬರ್ತಾರೆ. ಹೊಸ್ತಿಲಲ್ಲೇ ನಮ್ಮ ಸಂಸಾರ," ಎಂದು, ವರದಿಗಾಗಿ ಜೊತೆಗೆ ಹೊರಟಿರುವ ನನ್ನತ್ತ ತಿರುಗಿ ನಗುತ್ತಾರೆ.

ಹತ್ತು ವರ್ಷದ ಹಿಂದೆ ಇನ್ನೂರ ಹನ್ನೆರಡು ಮಕ್ಕಳಿದ್ದ ಶಾಲೆಯಲ್ಲಿ ಈಗ ಐವತ್ತೆಂಟು. ಅರವತ್ತು ತುಂಬದಿದ್ದರೆ ಬೇರೆ ಶಾಲೆಯೊಂದಿಗೆ ವಿಲೀನ ಎಂದು ಸುತ್ತೋಲೆ ಬಂದಿದೆ. ತಿಂಗಳ ಕೊನೆಗೆ ಎಣಿಕೆ. ಆ ಶಾಲೆ ಇರುವುದು ಹನ್ನೊಂದು ಕಿಲೋಮೀಟರ್ ಆಚೆ, ಬೆಳಿಗ್ಗೆ ಬಸ್ಸಿಲ್ಲ. ಓಣಿಯ ಮಕ್ಕಳ ಓದು ಅಲ್ಲಿಗೆ ಮುಗಿದಂತೆ. ಹಾಗಂತ ಪಾಠ ಕಳಪೆಯೇನಲ್ಲ. ಕಳೆದ ವರ್ಷ ಎಂಟನೇ ತರಗತಿಯ ಇಪ್ಪತ್ತೊಂದು ಮಕ್ಕಳಲ್ಲಿ ಹತ್ತೊಂಬತ್ತು ಪಾಸು. "ಫೇಲಾದ ಇಬ್ಬರೂ ನನ್ನ ಕಿಟಕಿಯವರೇ. ಪರೀಕ್ಷೆಗೆ ಮುಂಚೆ ಮೂರು ವಾರ ಜ್ವರ ಬಂದು ಮಲಗಿಬಿಟ್ಟೆ," ಎನ್ನುತ್ತಾರೆ, ಅದು ತಮ್ಮದೇ ತಪ್ಪೆಂಬಂತೆ. ಕೇಳಿ ನನಗೆ ಸಂಕಟವಾಗುತ್ತದೆ.

ಈ ವರ್ಷ ಒಮ್ಮೆ ಪೇಚಿಗೂ ಸಿಕ್ಕಿದ್ದಾರೆ. ಏಳನೇ ತರಗತಿಯ ಹುಡುಗಿಯೊಬ್ಬಳು ದಿನಾ ಕಿಟಕಿಯಲ್ಲಿ ಮುಖ ತೋರಿಸುತ್ತಾಳೆ, ಶಾಲೆಗೆ ಮಾತ್ರ ಬರುವುದಿಲ್ಲ. ಮತ್ತೆ ಮಲಗುತ್ತಿದ್ದಾಳೆಂದು ಇವರು ಇನ್ನೂ ಜೋರಾಗಿ ಬಡಿದರು. ವಾರದ ಮೇಲೆ ನೋಡಿದರೆ ಅವಳ ಕೊರಳಲ್ಲಿ ಖಾಸಗಿ ಶಾಲೆಯ ಟೈ! ಅವಳ ತಾಯಿಯನ್ನು ಕೇಳಿದಾಗ ಬಂದ ಉತ್ತರ: "ಹೇಳಿದ್ರೆ ನೀವು ಎಬ್ಸೋದು ನಿಲ್ಲಿಸಿಬಿಡ್ತೀರಲ್ಲ ಅಕ್ಕಾ."

"ಈಗ?" ಎಂದೆ.

"ಎಬ್ಬಿಸ್ತೀನಿ. ದಾರೀಲೇ ಇದೆಯಲ್ಲ ಆ ಕಿಟಕಿ."

ಏಳೂವರೆಗೆ ಶಾಲೆಯ ಬೀಗ ತೆಗೆಯುತ್ತಾರೆ. ಒಂದು ಕೋಣೆ ಗುಡಿಸಿ, ಬೆಂಚಿನ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಾರೆ. ಇನ್ನಿಬ್ಬರು ಮಕ್ಕಳು ಸಿಗುತ್ತಾರಾ ಎಂದು ಕೇಳುತ್ತೇನೆ.

"ಮನೆ ಮನೆ ಸುತ್ತಿದ್ದಾಯ್ತು. ಸಿಗದಿದ್ರೆ ಮುಚ್ತಾರೆ. ನನಗೂ ಸಾಕಾಗಿದೆ ನೋಡಿ," ಎನ್ನುತ್ತಾ ಪೊರಕೆ ಎತ್ತಿಕೊಂಡು ಏಳುತ್ತಾರೆ. "ಆದ್ರೆ ಎಣಿಸೋಕೆ ಬರೋ ದಿನ ಐವತ್ತೆಂಟು ಮಕ್ಕಳೂ ಬೆಂಚಲ್ಲಿರಬೇಕು. ಮಕ್ಕಳೇ ಬರ್ತಿರಲಿಲ್ಲ ಅಂತ ಮಾತ್ರ ಯಾರೂ ಬರೀಬಾರದು."