ಐದನೇ ಕ್ಯಾಸೆಟ್ಟಿನ ಹಿಮ್ಮೇಳ

ಹೋದ ವಾರ ನಾನು ಜಡ್ಜ್ ಆಗಿದ್ದೆ. (ಮನೆಯಲ್ಲಿ ಯಾವ ಪಲ್ಯ ಮಾಡಬೇಕೆಂದು ಹೇಳುವ ಅಧಿಕಾರವೂ ಇಲ್ಲದವನು ನಾನು ಎಂಬುದು ನಿಮಗೆ ಗೊತ್ತೇ ಇದೆ.)

ಕಮಲಾಪುರದ ತತ್ವಪದದ ತಂಡವೊಂದು ಕ್ಯಾಸೆಟ್ ಕಾಲದಲ್ಲಿ ಐದು ಆಲ್ಬಂ ತಂದಿತ್ತು. ಮುಂದೆ ಹಾಡುವವರು ಒಬ್ಬರು, ಹಿಮ್ಮೇಳಕ್ಕೆ ಮೂವರು. ಮುಂದಿನವರು ಈಗಿಲ್ಲ, ಹಿಮ್ಮೇಳದ ಮೂವರೂ ಇದ್ದಾರೆ. ಐದರಲ್ಲಿ ಅತ್ಯುತ್ತಮವಾದುದನ್ನು ಆರಿಸಿ, ಅದರಲ್ಲಿ ಹಾಡಿದವರಿಗೆ ಶಾಲು ಹೊದಿಸುವುದೆಂದು ಗಾಜಿಪುರದ ನಮ್ಮ ಗೆಳೆಯರ ಬಳಗ ಠರಾಯಿಸಿತು. ಆರಿಸುವ ಕೆಲಸ ನನ್ನ ಕೊರಳಿಗೆ ಬಿತ್ತು.

ಜಗತ್ ಸರ್ಕಲ್ ಹತ್ತಿರದ ರಿಪೇರಿ ಅಂಗಡಿಯಿಂದ ಟೇಪ್ ರೆಕಾರ್ಡರ್ ತಂದು ಮೂರು ದಿನ ಕೇಳಿದೆ. ಮೊದಲನೆಯದರಲ್ಲಿ ಯಾರೋ ಕೆಮ್ಮುತ್ತಾರೆ, ತಾಳ ಓಡುತ್ತದೆ. ನಡುವಿನ ಮೂರು ಪರವಾಗಿಲ್ಲ. ಐದನೆಯದು? ಅದರ ಹಿಮ್ಮೇಳ ಕೇಳುತ್ತ ನನ್ನ ಚಹಾ ಆರಿಹೋಯಿತು. ಮೂರು ದನಿಗಳು ಬೇರೆ ಬೇರೆ ಎತ್ತರದಲ್ಲಿ ನಡೆದು, ಕೊನೆಗೆ ಒಟ್ಟಿಗೆ ಕೂಡುತ್ತವೆ. ಭಜನೆಯಲ್ಲಿ ಕೂತು ಹಾಡಿದವರು ಇದನ್ನು ಎಲ್ಲಿ ಕಲಿತರು? ಕುತೂಹಲ ತಡೆಯದೆ ಕಮಲಾಪುರದ ಬಸ್ ಹತ್ತಿದೆ.

ಹಿಮ್ಮೇಳದ ಶರಣಪ್ಪನವರು ಮನೆಯಲ್ಲೇ ಸಿಕ್ಕರು. ವಿಷಯ ಹೇಳಿದೆ. ಚಹಾ ತಂದ ಅವರ ಹೆಂಡತಿ ಕಾಶೀಬಾಯಿ ಅಲ್ಲೇ ನಿಂತುಬಿಟ್ಟರು.

‘ಹಿಂದ ಹಾಡೋರಿಗಿ ಶಾಲು ಏನ್ರಿ? ಇಷ್ಟ್ ವರ್ಷದಾಗ ಯಾರೂ ಹಾಕಿಲ್ಲ ನೋಡ್ರಿ.’

ಶರಣಪ್ಪನವರು ಚಹಾ ಮುಗಿಸಿ ಕಪ್ಪು ಕೆಳಗಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು, ‘ಐದನೇದ್ರಾಗ ನಾವ್ ಇಲ್ರಿ ಸರ್.’

‘ಅಂದ್ರ?’

‘ನಾವು ಮೂರೂ ಮಂದಿ ಒಂದೇ ಸುರದಾಗ ಹಾಡೋರು. ಸ್ಟುಡಿಯೋದವ್ರಿಗಿ ಅದು ಸೇರಲಿಲ್ಲ. ತಮ್ಮ ಮಂದೀನ್ನೇ ನಿಂದ್ರಿಸಿ ಹಾಡಿಸಿದ್ರು. ನಾವು ಹೊರಗ ಬೆಂಚ್ ಮ್ಯಾಗ ಕುಂತಿದ್ದೇವ್ರಿ. ಫೋಟೋ ಮಾತ್ರ ನಮ್ದೇ ಹಾಕ್ಯಾರ.’

‘ನನಗೂ ಹೇಳಿಲ್ಲಲ್ರಿ ಇವರು’ ಎಂದರು ಕಾಶೀಬಾಯಿ.

ಶರಣಪ್ಪನವರು ಸುಮ್ಮನಿದ್ದಿದ್ದರೆ ಶಾಲು ಅವರದೇ. ನಾನು ದೊಡ್ಡ ಮನಸ್ಸು ಮಾಡಿದೆ. ‘ಹಂಗಾದ್ರ ನೀವೇ ಹಾಡಿದ ಒಂದನೇದೇ ಚೊಲೋ ಅಂತ ಬರೀತೀನಿ ಬಿಡ್ರಿ.’

ಶರಣಪ್ಪನವರಿಗೆ ಸಿಟ್ಟು ಬಂತು. ‘ಕನಿಕರ ಬ್ಯಾಡ್ರಿ. ಐದನೇದು ನಾನೂ ಎಷ್ಟೋ ಸಲ ಕೇಳೀನಿ. ಏನ್ ಹಾಡ್ಯಾರ್ರಿ ಅವ್ರು. ನಿಮ್ಮ ಕಿವಿಗಿ ಯಾವುದು ಚೊಲೋ ಅನಸ್ತು, ಅದನ್ನೇ ಬರೀರಿ.’

ನನಗೆ ನಿಜವಾಗಿ ನಾಚಿಕೆಯಾಯಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಒಂದೇ ಯೋಚನೆ. ಬೆಸ್ಟ್ ಬಿರಿಯಾನಿ, ಬೆಸ್ಟ್ ಸ್ಕೂಲ್, ಬೆಸ್ಟ್ ಹಾಡು ಅಂತ ದಿನಕ್ಕೆ ಹತ್ತು ಸಲ ತೀರ್ಪು ಕೊಡುತ್ತೇವೆ. ಮಾಡಿದವರು ಯಾರು ಎಂದು ಒಳಗೆ ಇಣುಕಿ ನೋಡಿದ್ದು ಎಷ್ಟು ಸಲ? (ನಾನಂತೂ ಇದೇ ಮೊದಲು.)

ಕೊನೆಗೆ ಐದನೆಯದೇ ಅತ್ಯುತ್ತಮ ಎಂದು ಬರೆದುಕೊಟ್ಟೆ. ಅದರಲ್ಲಿ ಹಾಡಿದ ಆ ಮೂವರು ಯಾರು, ಈಗ ಎಲ್ಲಿದ್ದಾರೆ, ಶರಣಪ್ಪನವರಿಗೂ ಗೊತ್ತಿಲ್ಲ. ಬಳಗದವರು ಆಗಲೇ ಮೂರು ಶಾಲು ತಂದಿಟ್ಟಿದ್ದಾರೆ.

ನೀವೇ ಹೇಳಿ, ಯಾರ ಹೆಗಲಿಗೆ ಹಾಕೋಣ?