ಬಿದ್ದದ್ದಷ್ಟೇ ಕಂಡಿತು

ಮೋರಟಗಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ರೇವವ್ವ ಕೊರೊನಾ ಲಸಿಕೆ ಹಾಕಿಸಿಕೊಂಡದ್ದು ಒಂದು ಸೋಮವಾರ. ಉಪವಾಸವಿದ್ದಳು, ಸಾಲದ್ದಕ್ಕೆ ಬಿಸಿಲಲ್ಲಿ ಬಹಳ ಹೊತ್ತು ನಿಂತಿದ್ದಳು. ಸೂಜಿ ಮಾಡಿಸಿಕೊಂಡು ಹೊರಬಂದವಳು ಆಸ್ಪತ್ರೆಯ ಅಂಗಳದಲ್ಲಿ ಧೊಪ್ಪನೆ ಬಿದ್ದಳು. ನರ್ಸ್ ಓಡಿ ಬಂದು ಕಾಲೆತ್ತಿ ಮಲಗಿಸಿ, ಎಚ್ಚರಾದ ಮೇಲೆ ನೀರು ಕುಡಿಸಿದಳು. ಮಧ್ಯಾಹ್ನಕ್ಕೆಲ್ಲ ರೇವವ್ವ ಗಿರಣಿ ಚಾಲೂ ಮಾಡಿದ್ದಳು.

ಆದರೆ ಓಣಿಯ ಅಮಸಿದ್ದ ಅವಳು ಬಿದ್ದದ್ದನ್ನು ಮೊಬೈಲಿನಲ್ಲಿ ಹಿಡಿದಿದ್ದ. ಸಂಜೆಯೊಳಗೆ ಆ ವಿಡಿಯೊ ಇಂಡಿ, ಮುದ್ದೇಬಿಹಾಳ ಮುಟ್ಟಿತು. ‘ಲಸಿಕೆಗೆ ಹೆಣ್ಣುಮಗಳು ಬಲಿ’ ಎಂದು ಯಾರೋ ಕೆಳಗೆ ಬರೆದರು.

ಮನಗೂಳಿಯಿಂದ ತಮ್ಮ ಖಂಡೆಪ್ಪ ಗಾಬರಿಯಾಗಿ ಫೋನು ಮಾಡಿದ. “ಅಕ್ಕಾ, ಅದೀಯೇನ?”

“ಚಲೋ ಅದೇನಿ, ಜ್ವಾಳ ಬೀಸಾಕತ್ತೇನಿ. ಉಪವಾಸಕ್ಕ ಚಕ್ಕರ್ ಬಂತು, ಅಷ್ಟ. ನೀ ಉಂಡು ಹೋಗಿ ಸೂಜಿ ಮಾಡಿಸ್ಕೊ.”

“ನೀ ಅದಿಯಲ್ಲ, ಸಾಕು. ನಾ ಅಂತೂ ಒಲ್ಲೆ.”

ಬೇಡಿಕೊಂಡರೂ ಅವನು ಕೇಳಲಿಲ್ಲ. ಮುಂದಿನ ತಿಂಗಳು ಜ್ವರ ಬಂತು, ಕೆಮ್ಮು ಬಂತು, ಉಸಿರು ಕಟ್ಟಿತು. ಆಸ್ಪತ್ರೆಯಲ್ಲಿ ಹಾಸಿಗೆ ಸಿಗುವಷ್ಟರಲ್ಲಿ ಖಂಡೆಪ್ಪ ಹೋಗಿಬಿಟ್ಟಿದ್ದ. ಅಳುತ್ತ ಬಂದ ರೇವವ್ವನನ್ನು ತಮ್ಮನ ಹೆಂಡತಿ ಹನಮವ್ವ ಬಾಗಿಲಲ್ಲೇ ತಡೆದಳು.

“ಒಳಗ ಬರಬ್ಯಾಡ್ರಿ ಅಕ್ಕಾರ. ನೀವು ಬಿದ್ದದ್ದು ನೋಡೇ ಅವ್ರು ಸೂಜಿ ಒಲ್ಲೆ ಅಂದ್ರು.”

ಅಂದಿನಿಂದ ನಾಗರ ಪಂಚಮಿ ಹಬ್ಬಕ್ಕೆ ತವರಿನ ಕರೆ ಬಂದಿಲ್ಲ.

ಊರಿಗೆ ಮರಳಿದವಳೇ ಅಮಸಿದ್ದನ ಅಂಗಿ ಹಿಡಿದಳು. “ಬಿದ್ದದ್ದು ತಗದಿ, ಎದ್ದದ್ದು ಯಾಕ ತಗೀಲಿಲ್ಲೋ ಭಾಡ್ಯಾ?”

“ಎದ್ದದ್ದು ಯಾರು ನೋಡ್ತಾರವ್ವಾ?” ಎಂದು ಅವನು ಅಂಗಿ ಬಿಡಿಸಿಕೊಂಡು ಹೋದ.

ರೇವವ್ವ ಬಿದ್ದಾಗಲೇ, ಲಸಿಕೆಯಿಂದ ತೊಂದರೆಯಾಯಿತೇ ಎಂದು ವಿಚಾರಿಸಲು ಆರೋಗ್ಯ ಇಲಾಖೆಯ ತಂಡವೊಂದು ಬಂದಿತ್ತು. ಹಸಿವಿಗೆ, ಅಂಜಿಕೆಗೆ ಬಂದ ತಲೆಸುತ್ತು, ಮದ್ದಿನ ದೋಷವಲ್ಲ ಎಂದು ಅವರು ತೀರ್ಮಾನಿಸಿದರು. ಅದು ತಿಳಿಯುವಷ್ಟರಲ್ಲಿ ವರ್ಷ ಕಳೆದಿತ್ತು. ಆ ಸುದ್ದಿಯನ್ನು ಯಾರೂ ಯಾರಿಗೂ ಕಳಿಸಲಿಲ್ಲ.

ಈ ಚಳಿಗಾಲ ಊರ ತುಂಬ ಕೆಮ್ಮು. ಯಾವ ವೈರಸ್ ತಿರುಗಾಡುತ್ತಿದೆ ಎಂದು ತಿಳಿಯಲು ಆಸ್ಪತ್ರೆಯವರು ಕೆಮ್ಮಿದವರ ಮೂಗಿನ ದ್ರವ ತೆಗೆದು ಪರೀಕ್ಷೆಗೆ ಕಳಿಸುತ್ತಿದ್ದಾರೆ. ಆ ವಿಡಿಯೊ ಮರೆಯದ ಜನ ಹತ್ತಿರ ಸುಳಿಯುವುದಿಲ್ಲ. ಡಾಕ್ಟರು ಗಿರಣಿಗೇ ಬಂದರು.

“ರೇವವ್ವಾರ, ನಾಕ ಮಾತು ನೀವ ತಿಳಿಸಿ ಹೇಳ್ರಿ.”

“ಒಡಹುಟ್ಟಿದಾಂವನ ನನ್ನ ಮಾತು ಕೇಳಲಿಲ್ರಿ,” ಎಂದು ರೇವವ್ವ ಜೋಳದ ಡಬ್ಬಿ ಸುರಿದಳು.

ಆದರೂ ಮರುದಿನ ಕೆಮ್ಮುತ್ತಲೇ ಆಸ್ಪತ್ರೆಗೆ ಹೋಗಿ ಮೂಗು ಒಡ್ಡಿದಳು. ಓಣಿಯವರು ತಂತಮ್ಮ ಮನೆ ಬಾಗಿಲಲ್ಲಿ ನಿಂತು ಅವಳು ಹೋಗುವುದನ್ನು ನೋಡಿದರು. ಅವಳ ಹಿಂದೆ ಒಬ್ಬರೂ ಬರಲಿಲ್ಲ.