ಪೊಟ್ಯಾಷ್ ಇಲ್ಲದ ಪುಂಡಿ

ಅಮರೇಶಪ್ಪ ನಾಂಪಲ್ಲಿಯ ಕೃಷಿ ಕಚೇರಿಯಲ್ಲಿ ಸೇವೆಯುದ್ದಕ್ಕೂ ಟೈಪ್ ಹೊಡೆದ ಮನುಷ್ಯ. ಯಾವ ಬೆಳೆಗೆ ಯಾವ ರೋಗ, ಯಾವ ಮಣ್ಣಿಗೆ ಯಾವ ಗೊಬ್ಬರ ಎಂಬುದೆಲ್ಲ ಅವನ ಬೆರಳುಗಳ ಕೆಳಗೆ ಹಾದುಹೋಗಿತ್ತು, ತಲೆಯಲ್ಲಿ ಮಾತ್ರ ಹೆಚ್ಚೇನೂ ನಿಂತಿರಲಿಲ್ಲ. ಮನೆಯಲ್ಲಿ ಒಂದು ಕರಿಬೇವಿನ ಗಿಡವನ್ನೂ ನೆಟ್ಟವನಲ್ಲ. ಅಂಥವನು ನಿವೃತ್ತಿಯಾದ ಮೇಲೆ ಮಣಿಕೊಂಡದ ಫ್ಲಾಟಿನ ಬಾಲ್ಕನಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಅಕ್ಕಸಾಲಿಗರ ತಕ್ಕಡಿಯಲ್ಲಿ ಬಿಳಿ ಪುಡಿ ತೂಗುತ್ತಿದ್ದರೆ ಎದುರು ಬಿಲ್ಡಿಂಗಿನ ಸಾಫ್ಟ್‌ವೇರ್ ಹುಡುಗರು ಏನೆಂದುಕೊಂಡಿರಬೇಕು! ಅಂದುಕೊಳ್ಳಲಿ. ಅವನಿಗೆ ಆಗ ಯಾರ ಮುಖ ನೋಡುವ ವ್ಯವಧಾನವೂ ಇರಲಿಲ್ಲ.

ಹೆಂಡತಿ ಶಿವದೇವಿಯ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಎರಡು ಮೂರು ಸಲ ಆಸ್ಪತ್ರೆಗೆ ಹೋಗಿ, ಮಷೀನಿನ ಪಕ್ಕ ಅರ್ಧ ದಿನ ಮಲಗಿ, ರಕ್ತ ತೊಳೆಸಿಕೊಂಡು ಬರಬೇಕು. ಅದು ತೆಲಂಗಾಣ ಬೇರೆ ರಾಜ್ಯವಾಗಬೇಕೆಂದು ಊರಲ್ಲಿ ಬಂದ್ ಮೇಲೆ ಬಂದ್ ನಡೆಯುತ್ತಿದ್ದ ಕಾಲ. ಬಸ್ಸಿಲ್ಲ, ಆಟೋದವರು ಬರುವುದಿಲ್ಲ. ಅಮರೇಶಪ್ಪ ಎಷ್ಟೋ ಸಲ ಅವಳ ತೋಳು ಹಿಡಿದು ದೊಡ್ಡ ರಸ್ತೆಯವರೆಗೆ ನಡೆಸಿಕೊಂಡು ಹೋಗಿ, ಹೋಗುವ ಬರುವ ಕಾರುಗಳಿಗೆ ಕೈ ಅಡ್ಡ ಹಿಡಿದು ನಿಂತಿದ್ದ. ಮಕ್ಕಳಿಲ್ಲ. ಅವಳಿಗೆ ಅವನು, ಅವನಿಗೆ ಅವಳು.

ಅದನ್ನೂ ಹೇಗೋ ತಾಳಿಕೊಳ್ಳಬಹುದಿತ್ತು. ತಾಳಲಾಗದ್ದು ಊಟದ ತಾಟು. ಬಾಳೆಹಣ್ಣು ಬೇಡ, ಎಳನೀರು ಬೇಡ, ಸೊಪ್ಪಂತೂ ಬೇಡವೇ ಬೇಡ. ಸೊಪ್ಪಿನಲ್ಲಿರುವ ಪೊಟ್ಯಾಷಿಯಂ ಅನ್ನು ನಮ್ಮ ನಿಮ್ಮ ಕಿಡ್ನಿ ಹೊರಗೆ ಹಾಕುತ್ತದೆ, ಇವಳದು ಹಾಕುವುದಿಲ್ಲ, ಅದು ರಕ್ತದಲ್ಲಿ ಏರಿದರೆ ಗುಂಡಿಗೆ ನಿಂತುಬಿಡುತ್ತದೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. ಶಿವದೇವಿಯೋ ಸೇಡಂ ಕಡೆಯ ಹೆಣ್ಣು. ಹುಳಿಹುಳಿ ಪುಂಡಿಸೊಪ್ಪಿನ ಪಲ್ಯ ಇಲ್ಲದ ರೊಟ್ಟಿ ಅವಳ ಲೆಕ್ಕದಲ್ಲಿ ಊಟವೇ ಅಲ್ಲ. ಇಲ್ಲಿಯವರು ಗೋಂಗೂರ ಗೋಂಗೂರ ಎಂದು ಬೀಗಿದಾಗಲೆಲ್ಲ, “ಅದು ನಮ್ಮ ಪುಂಡೀನ ತಗೋರಿ, ಎಣ್ಣ್ಯಾಗ ಮುಳುಗಿಸಿ ಹೆಸರು ಬದಲಿ ಮಾಡ್ಯಾರ” ಎಂದು ನಗುತ್ತಿದ್ದವಳು.

ಒಮ್ಮೆ ಸಂಬಂಧಿಕರಾದ ಗುರುಸಿದ್ದಪ್ಪನವರ ಮನೆಯಲ್ಲಿ ತೊಟ್ಟಿಲ ಕಾರ್ಯ. ಗಂಡಸರ ಪಂಕ್ತಿ ಏಳುವುದರೊಳಗೆ ಶಿವದೇವಿ ಅಡುಗೆಮನೆಯ ಮೂಲೆಯಲ್ಲಿ ಕೂತು ಪುಂಡಿಪಲ್ಯ ಉಂಡಿದ್ದಳು. ಸಂಜೆಗೆ ಕೈಕಾಲಿನ ಶಕ್ತಿ ಹೋಯಿತು, ನಾಡಿ ಇಳಿಯಿತು. ಆಸ್ಪತ್ರೆಯಲ್ಲಿ ಅವಳು ಉಳಿದದ್ದೇ ದೊಡ್ಡದು. ಇನ್ನೊಂದು ಸಲ ಹೀಗಾದರೆ ನನ್ನ ಕೈಯಲ್ಲಿಲ್ಲ ಎಂದು ಡಾಕ್ಟರಮ್ಮ ಅಮರೇಶಪ್ಪನಿಗೆ ಎಲ್ಲರೆದುರೇ ಬೈದರು. ಅವನು ತಲೆ ಬಗ್ಗಿಸಿ ಬೈಸಿಕೊಂಡ.

ಅಂದಿನಿಂದ ಶಿವದೇವಿ ಪುಂಡಿಯನ್ನು ಕೇಳುವುದನ್ನು ಬಿಟ್ಟಳು. ಅದರ ಜೊತೆಗೆ ಊಟವನ್ನೂ ಬಿಡುತ್ತಾ ಬಂದಳು. ಬೇಯಿಸಿ ನೀರು ಚೆಲ್ಲಿದ ಸಪ್ಪೆ ಸೋರೆಕಾಯಿ ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

“ಒಂದು ತುತ್ತರ ಉಣ್ಣು,” ಎಂದು ಅವನು ಗೋಗರೆದ.

“ಸೇರಂಗಿಲ್ಲರಿ.”

“ಏನ್ ಸೇರ್ತೈತಿ ಹೇಳು. ಎಲ್ಲಿದ್ರೂ ತರ್ತೀನಿ.”

“ನನಗ ಬೇಕಾಗಿದ್ದು ನೀವು ತರಂಗಿಲ್ಲ, ಬಿಡ್ರಿ. ಒಂದು ಸಲ ಪುಂಡಿಪಲ್ಯ ಉಂಡು ಸಾಯ್ತೀನಿ ಅಂದ್ರ ನೀವು ಒಲ್ಲೆ ಅಂತೀರಿ.”

ಕೊಟ್ಟರೆ ಸಾಯುತ್ತಾಳೆ, ಕೊಡದಿದ್ದರೆ ಹೀಗೇ ಬತ್ತಿ ಸಾಯುತ್ತಾಳೆ. ಅಮರೇಶಪ್ಪ ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತ.

ಎಂದೋ ಟೈಪ್ ಮಾಡಿದ್ದ ಒಂದು ಮಾತು ಅವನಿಗೆ ನೆನಪಾದದ್ದು ಆಗಲೇ. ಗಿಡಕ್ಕೆ ಬೇಕಾದದ್ದು ಮಣ್ಣಲ್ಲ, ಮಣ್ಣಿನೊಳಗಿನ ಲವಣಗಳು. ಅವನ್ನು ನೀರಿನಲ್ಲಿ ಕರಗಿಸಿ ಕೊಟ್ಟರೆ ಮಣ್ಣೇ ಇಲ್ಲದೆ ಬೆಳೆಯುತ್ತದೆ. ಸರಿ, ನೀರನ್ನು ನಾನೇ ಕಲಸಿದರೆ? ಪೊಟ್ಯಾಷ್, ಅಂದರೆ ಆ ಪೊಟ್ಯಾಷಿಯಂ ಇರುವ ಗೊಬ್ಬರ, ಅದನ್ನು ಹಾಕದೆ ಕಲಸಿದರೆ? ಕೊಡದೇ ಇದ್ದದ್ದನ್ನು ಗಿಡ ಎಲ್ಲಿಂದ ತಂದುಕೊಂಡೀತು? ಅವನು ಡಾಕ್ಟರಮ್ಮನ ಬಳಿ ಓಡಿದ. ಅವರು, ಹೊರದೇಶದಲ್ಲಿ ಹಾಗೆ ಬೆಳೆಯುತ್ತಾರಂತೆ ಎಂದರು. ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ ನನಗೆ ತೋರಿಸದೆ ಒಂದು ಎಲೆಯನ್ನೂ ಅವಳ ಬಾಯಿಗೆ ಇಡಕೂಡದು ಎಂದರು. ಆಗುವುದಿಲ್ಲ ಎನ್ನಲಿಲ್ಲವಲ್ಲ, ಅವನಿಗೆ ಅಷ್ಟೇ ಬೇಕಾಗಿತ್ತು.

ಅಬಿಡ್ಸ್‌ನ ಗಲ್ಲಿಯೊಂದರಲ್ಲಿ ಕೆಮಿಕಲ್ ಅಂಗಡಿ ಹುಡುಕಿದ. ಕ್ಯಾಲ್ಸಿಯಂ ನೈಟ್ರೇಟ್, ಮೆಗ್ನೀಷಿಯಂ ಸಲ್ಫೇಟ್, ರಂಜಕದ ಲವಣವಾದ ಫಾಸ್ಫೇಟ್, ಕಬ್ಬಿಣದ ಕೆಂಪು ಪುಡಿ, ಸಸಿ ಏಳುವವರೆಗೆ ಕೊಡಲು ಚೂರು ಪೊಟ್ಯಾಷ್. ಅಂಗಡಿಯವನು ಇವನನ್ನು ಮೇಲಿನಿಂದ ಕೆಳಗೆ ನೋಡಿ, ಹೊಲ ಎಲ್ಲಿದೆ ಎಂದು ಕೇಳಿದ.

“ಖೇತ್ ಕಿಧರ್ ಹೈ, ಸಾಬ್?”

“ಬಾಲ್ಕನಿ ಮೇಂ,” ಎಂದ ಅಮರೇಶಪ್ಪ. ಅಂಗಡಿಯವನು ನಕ್ಕ. ಇವನು ನಗಲಿಲ್ಲ.

ಮೊದಲ ದಿನ ಎಲ್ಲ ಪುಡಿಗಳನ್ನೂ ಒಂದೇ ಪಾತ್ರೆಯಲ್ಲಿ ದಪ್ಪಗೆ ಕರಗಿಸಿದ. ನೀರು ಒಡೆದ ಹಾಲಿನಂತಾಗಿ ತಳದಲ್ಲಿ ಬಿಳಿ ಗಸಿ ಕೂತಿತು. ಇಂಟರ್‌ನೆಟ್ ಸೆಂಟರಿನಲ್ಲಿ ಕೂತು ತಿಳಿದುಕೊಂಡು ಬಂದ: ಕ್ಯಾಲ್ಸಿಯಂ ಒಂದು ಕ್ಯಾನಿನಲ್ಲಿ ಇರಬೇಕು, ಸಲ್ಫೇಟು ರಂಜಕಗಳು ಇನ್ನೊಂದರಲ್ಲಿ, ಎರಡನ್ನೂ ತುಂಬಾ ನೀರಿಗೆ ಸುರಿಯುವಾಗಲೇ ಅವುಗಳ ಭೇಟಿ. ಬೀಗರ ಜಗಳದ ಹಾಗೆ, ದೂರ ಇಟ್ಟರೆ ಎರಡೂ ಕಡೆಯವರು ಒಳ್ಳೆಯವರು. ಮಣಿಕೊಂಡದ ಬೋರ್ ನೀರು ಗಡಸು ಎಂದು ಅದನ್ನು ಹದಕ್ಕೆ ತರಲು ಆಮ್ಲದ ಹನಿ ಬಿಟ್ಟು, ಬಣ್ಣ ಬದಲಿಸುವ ಕಾಗದ ಅದ್ದಿ ನೋಡುವುದನ್ನೂ ಕಲಿತ. ಥರ್ಮೋಕೋಲ್ ಪೆಟ್ಟಿಗೆಗಳ ಮುಚ್ಚಳಕ್ಕೆ ತೂತು ಕೊರೆದು, ತೆಂಗಿನ ನಾರಿನಲ್ಲಿ ಪುಂಡಿ ಬೀಜ ಕೂರಿಸಿದ. ಮೊಳಕೆ ಬಂದ ಬೆಳಗ್ಗೆ ಹೆಂಡತಿಯನ್ನು ಕೈ ಹಿಡಿದು ಕರೆತಂದು ತೋರಿಸಿದ.

ಶಿವದೇವಿಯ ಕಣ್ಣು ಅರಳಿತು. ಆಮೇಲೆ ಅವಳು ಕಲಸಿದ ನೀರು ತುಂಬಿಟ್ಟ ಪ್ಲಾಸ್ಟಿಕ್ ಬಕೆಟ್ಟನ್ನು ನೋಡಿದಳು. ಅದು ಬಟ್ಟೆ ನೆನೆಸುವ ಬಕೆಟ್.

“ಲಿಂಗಕ್ಕ ತೋರಿಸಲಾರದ ನಾ ಏನೂ ಉಣ್ಣಂಗಿಲ್ಲ, ನಿಮಗ ಗೊತ್ತೈತಿ,” ಎಂದಳು ಮೆಲ್ಲಗೆ. “ಮೈಲಿಗಿ ಬಕೆಟ್ಟಿನ ನೀರಾಗ ಬೆಳೆದಿದ್ದು ಹೆಂಗ ತೋರಿಸ್ಲಿ? ನಮ್ಮ ತವರುಮನಿ ತಾಮ್ರದ ಹಂಡೆ ಸುಮ್ಮನ ಕುಂತೈತಿ. ಮಡೀಲೇ ಅದರಾಗ ತುಂಬಿಡ್ರಿ.”

ಮೂರು ಹೊತ್ತೂ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು, ತಾಟನ್ನು ಅದಕ್ಕೆ ಅರ್ಪಿಸಿಯೇ ಉಣ್ಣುವ ಹೆಂಗಸು ಅವಳು. ಆಸ್ಪತ್ರೆಯ ಹಾಸಿಗೆಯಲ್ಲೂ ತಪ್ಪಿಸಿದವಳಲ್ಲ. ಅವಳು ಮತ್ತೆ ಊಟದ ಮಾತು ಆಡಿದಳಲ್ಲ ಎಂಬ ಸಂತೋಷಕ್ಕೆ ಅಮರೇಶಪ್ಪ ಸ್ನಾನ ಮಾಡಿ, ಹಂಡೆ ಇಳಿಸಿ, ತೊಳೆದು, ಕಲಸಿದ ನೀರನ್ನೆಲ್ಲ ಅದರಲ್ಲಿ ತುಂಬಿದ. ದಿನಾ ಅದರಿಂದಲೇ ತೋಡಿ ಪೆಟ್ಟಿಗೆಗಳಿಗೆ ಹಾಕಿದ.

ಸಸಿಗಳು ಮೊದಲು ಚೆಂದ ಎದ್ದವು. ಆಮೇಲೆ ಎಳೆ ಎಲೆಗಳು ಬಿಳಿಚಿಕೊಂಡವು. ಕಬ್ಬಿಣ ಸಾಲದೇನೋ ಎಂದು ಕೆಂಪು ಪುಡಿ ಹಾಕಿದ. ಇನ್ನಷ್ಟು ಬಿಳಿಚಿದವು. ನೀರಿನ ಹದ ತಪ್ಪಿತೇನೋ ಎಂದು ಆಮ್ಲ ಹೆಚ್ಚಿಸಿದ. ಬೇರು ಮೊಂಡಾಗಿ, ಕಂದುಗಟ್ಟಿ, ಮುಟ್ಟಿದರೆ ಕಳಚಿ ಬರತೊಡಗಿತು. ಅವನಿಗೆ ಹುಚ್ಚು ಹಿಡಿಯುವುದೊಂದು ಬಾಕಿ. ಪೆಟ್ಟಿಗೆಗಳ ಹಳೆಯ ನೀರು ಚೆಲ್ಲಿದ, ಹೊಸದು ಕಲಸಿ ಹಂಡೆಗೆ ತುಂಬಿದ, ಮತ್ತೆ ಬಿತ್ತಿದ, ಮತ್ತೆ ಅದೇ ಗತಿ. ಇತ್ತ ಶಿವದೇವಿಗೆ ಕೂತರೆ ಏಳಲಾಗದು. ಮಷೀನಿನಿಂದ ಬಂದ ದಿನ ಗೋಡೆಗೆ ಮುಖ ಮಾಡಿ ಮಲಗಿಬಿಡುವಳು. “ಇನ್ನ ಎಷ್ಟು ದಿನ ಬೇಕ್ರಿ?” ಎಂದು ಅವಳು ಕೇಳಿದರೆ, ಅವಳು ಕೇಳುತ್ತಿರುವುದು ಪುಂಡಿಯನ್ನೋ ಬೇರೆ ಏನನ್ನೋ ಎಂದು ಅವನಿಗೆ ತಿಳಿಯುತ್ತಿರಲಿಲ್ಲ.

ಕೊನೆಯ ಸಸಿಯೂ ಬಾಡಿದ ಮಧ್ಯಾಹ್ನ ಅವನು ಸಿಟ್ಟಿನಿಂದ ಹಂಡೆಯನ್ನು ಬಗ್ಗಿಸಿ ನೀರನ್ನೆಲ್ಲ ಮೋರಿಗೆ ಚೆಲ್ಲಿದ. ಬಿಸಿಲು ಹಂಡೆಯೊಳಗೆ ಬಿತ್ತು. ನೀರು ನಿಂತಿದ್ದ ಮಟ್ಟದವರೆಗೆ ಒಳಮೈ ಹೊಸದರಂತೆ ಥಳಥಳ ಹೊಳೆಯುತ್ತಿತ್ತು. ಮೇಲೆ ಮಾತ್ರ ಹಳೆಯ ಕಪ್ಪು.

ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಾಗೆ! ತಾಮ್ರಕ್ಕೆ ಹುಳಿ ಸೋಕಿದರೆ ಏನಾಗುತ್ತದೆಂದು ಹಬ್ಬದ ಹಿಂದಿನ ದಿನ ಪಾತ್ರೆ ಬೆಳಗಿದ ಯಾವ ಹೆಣ್ಣುಮಗಳನ್ನು ಕೇಳಿದರೂ ಹೇಳುತ್ತಾಳೆ. ಅವನು ಆಮ್ಲ ಬೆರೆಸಿದ ನೀರು ದಿನಗಟ್ಟಲೆ ಹಂಡೆಯನ್ನು ತಿಂದಿತ್ತು, ಆ ತಾಮ್ರ ಗಿಡದ ಬೇರನ್ನು ತಿಂದಿತ್ತು. ಗಿಡಗಳು ಹೇಗೋ ಬದುಕಿ ಬೆಳೆದಿದ್ದರೆ? ಆ ವಿಷದ ಎಲೆಯನ್ನು ಕೈಯಾರೆ ಅವಳಿಗೆ ಉಣಿಸುತ್ತಿದ್ದೆನಲ್ಲ ಎಂದುಕೊಂಡು ಅವನು ಹಂಡೆಯ ಪಕ್ಕದಲ್ಲೇ ಕೂತ.

ಹೇಳುವುದು ಹೇಗೆ? ನಿನ್ನ ಮಡಿಯೇ ನಿನ್ನ ಪುಂಡಿಯನ್ನು ಕೊಂದಿತು ಎನ್ನುವುದೇ? ಬೀಜವೇ ಖರಾಬಿತ್ತು ಎಂದು ಸುಳ್ಳು ಹೇಳಲು ಅವನು ಸಿದ್ಧನಾಗಿ ಎದ್ದ. ಅಷ್ಟರಲ್ಲಿ ಶಿವದೇವಿ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದಳು. ಹಂಡೆಯನ್ನು ನೋಡಿದಳು. ಅವನ ಮುಖವನ್ನು ನೋಡಿದಳು.

“ನಾ ಹಂಡೆ ಅನ್ನಲಾರದಿದ್ರ ಈಟೊತ್ತಿಗೆ ಪಲ್ಯ ಆಗ್ತಿತ್ತಲ್ಲರಿ?”

ಅಮರೇಶಪ್ಪನ ಬೀಜದ ಸುಳ್ಳು ಅಲ್ಲಿಗೇ ಮುಗಿಯಿತು.

“ಬಕೆಟ್ಟ ತಗೊಳ್ರಿ,” ಎಂದಳು ಅವಳು. “ಲಿಂಗ ನನ್ನ ಕೈಯಾಗ ಐತಿ, ಹಂಡ್ಯಾಗ ಇಲ್ಲ. ಅವನಿಗೆ ನಾ ಹೇಳ್ಕೊಂತೀನಿ.”

ಎಷ್ಟೋ ವರ್ಷದ ನೇಮವನ್ನು ಅವಳು ಅಷ್ಟು ಸಲೀಸಾಗಿ ಬಿಟ್ಟುಕೊಟ್ಟದ್ದು ಅವನಿಗೆ ಸಮಾಧಾನ ತರಬೇಕಿತ್ತು. ಭಯವಾಯಿತು. ಸಮಯ ಎಷ್ಟು ಕಡಿಮೆ ಇದೆಯೆಂದು ಅವಳಿಗೆ ಗೊತ್ತಾಗಿದೆ ಎಂದೇ ಅವನಿಗೆ ಅನ್ನಿಸಿತು.

ಮತ್ತೆ ಅಬಿಡ್ಸ್, ಮತ್ತೆ ತಕ್ಕಡಿ. ಈ ಸಲ ಎಲ್ಲ ಪ್ಲಾಸ್ಟಿಕ್ಕಿನಲ್ಲೇ. ಸಸಿ ಕೈಯುದ್ದ ಆಗುವವರೆಗೆ ಚೂರೇ ಚೂರು ಪೊಟ್ಯಾಷ್ ಕೊಟ್ಟ, ಆಮೇಲೆ ಪೂರ್ತಿ ನಿಲ್ಲಿಸಿದ. ಎಲೆಗಳ ಅಂಚು ಸುಟ್ಟಂತಾಯಿತು, ಗಿಡ ಸೊರಗಿತು, ಆದರೆ ಸಾಯಲಿಲ್ಲ. ಅವನು ಬೆಳಗಾದರೆ ಅವುಗಳ ಮುಂದೆ ಕೂತು, ಸಾಯಬ್ಯಾಡ್ರಪ್ಪ, ಇನ್ನೊಂದೀಟು ತಡಕೊಳ್ರಿ ಎಂದು ಗಿಡಗಳಿಗೇ ಕೈಮುಗಿಯುವನು. ಬಂದ್ ಇಲ್ಲದ ದಿನ ನೋಡಿ ಎಲೆಗಳನ್ನು ಲ್ಯಾಬಿಗೆ ಕೊಟ್ಟ. ಪೇಟೆಯ ಸೊಪ್ಪಿಗೆ ಹೋಲಿಸಿದರೆ ಪೊಟ್ಯಾಷಿಯಂ ಅರ್ಧಕ್ಕಿಂತ ಎಷ್ಟೋ ಕಡಿಮೆ ಬಂದಿತ್ತು. ಡಾಕ್ಟರಮ್ಮ ಅದನ್ನು ನೋಡಿ, ಅವನನ್ನು ನೋಡಿ, ಕನ್ನಡಕ ತೆಗೆದರು. ಬೇಯಿಸಿ ನೀರು ಹಿಂಡಿ, ಮಷೀನಿಗೆ ಬರುವ ದಿನ ಬೆಳಗ್ಗೆ ನಾಲ್ಕು ತುತ್ತು ಕೊಡಿ ಎಂದರು.

ಅವನೇ ಸೊಪ್ಪು ಬಿಡಿಸಿದ, ಅವನೇ ಬೇಯಿಸಿ ಹಿಂಡಿದ, ಬೆಳ್ಳುಳ್ಳಿ ಒಗ್ಗರಣೆ ಹಾಕಿದ. ಪಕ್ಕದ ಮನೆಯವರಿಗೆ ಹೇಳಿ ಜೋಳದ ರೊಟ್ಟಿ ತರಿಸಿದ್ದ. ಶಿವದೇವಿ ದಿಂಬಿಗೆ ಒರಗಿ ಕೂತು, ಲಿಂಗವನ್ನು ಅಂಗೈಯಲ್ಲಿಟ್ಟು, ತಾಟನ್ನು ತೋರಿಸಿ ಕಣ್ಣು ಮುಚ್ಚಿದಳು. ಏನು ಹೇಳಿಕೊಂಡಳೋ. ಆಮೇಲೆ ತುತ್ತು ಮಾಡಿ ಬಾಯಿಗಿಟ್ಟಳು. ಅಗಿದಳು. ಅಮರೇಶಪ್ಪ ಮುಂದಕ್ಕೆ ಬಾಗಿ ಕೇಳಿದ.

“ಹೆಂಗೈತಿ?”

“ಭಾಳ ಛಲೋ ಆಗೈತ್ರಿ. ಹುಳಿ ಅಂದ್ರ ಹುಳಿ, ಹಲ್ಲು ಜುಮ್ ಅಂದ್ವು ನೋಡ್ರಿ. ನಮ್ಮವ್ವ ಮಾಡಿದಂಗ ಐತಿ.”

ಅವನಿಗೆ ಆಕಾಶ ಕೈಗೆ ಸಿಕ್ಕಿತು. ಕಣ್ಣೊರೆಸಿಕೊಂಡ, ನಕ್ಕ, ಅವಳ ಬೆನ್ನು ಸವರಿದ. ನಾಲ್ಕು ತುತ್ತು ಮುಗಿದ ಮೇಲೆ ತಾಟಿನಲ್ಲಿ ಉಳಿದದ್ದನ್ನು ಬಳಿದು ತಾನೂ ಬಾಯಿಗೆ ಹಾಕಿಕೊಂಡ.

ಹುಳಿ ಇರಲಿಲ್ಲ. ಒಂದಿಷ್ಟೂ ಇರಲಿಲ್ಲ. ಪೊಟ್ಯಾಷ್ ಇಲ್ಲದೆ ಸೊರಗಿದ ಎಲೆಯಲ್ಲಿ ಹುಳಿಯೂ ಕೂಡಿರಲಿಲ್ಲವೇನೋ, ನೆನೆದ ಹುಲ್ಲು ಅಗಿದಂತಿತ್ತು. ಅವಸರದಲ್ಲಿ ಅವನು ಉಪ್ಪನ್ನೂ ಮರೆತಿದ್ದ.

ಅವನು ತುತ್ತನ್ನು ನುಂಗಲಾರದೆ ಅವಳನ್ನೇ ನೋಡಿದ. ಅವಳು ಕಣ್ಣು ತಪ್ಪಿಸಿದಳು.

“ಯಾವಾಗಿಂದ?” ಎಂದ.

“ಹಂಡೆ ಖಾಲಿ ಮಾಡಿದ್ರಲ್ಲ, ಅದಕ್ಕಿಂತ ತುಸು ಮೊದಲ. ನಾಲಿಗ್ಯಾಗ ಬರೇ ಕಬ್ಬಿಣ ನೆಕ್ಕಿದಂಗ ಆಗ್ತೈತಿ. ಉಪ್ಪು, ಹುಳಿ, ಖಾರ, ಯಾವುದೂ ತಿಳಿಯಂಗಿಲ್ಲರಿ.”

“ನನಗ್ಯಾಕ ಹೇಳ್ಲಿಲ್ಲ? ಈಟು ದಿನ ನಾ ಯಾತಕ್ಕ ಬಡದಾಡಿದೆ?”

ಅವಳು ಲಿಂಗವನ್ನು ಎದೆಯ ಮೇಲಿನ ವಸ್ತ್ರದಲ್ಲಿ ಮೆಲ್ಲಗೆ ಕಟ್ಟಿಕೊಂಡಳು. ಕೆಳಗೆ ಆಸ್ಪತ್ರೆಗೆ ಕರೆದೊಯ್ಯುವ ಆಟೋ ಬಂದು ಹಾರ್ನ್ ಹಾಕಿತು.

“ಗಿಡದ ಮುಂದ ಕುಂತಾಗ ಮಾತ್ರ ನೀವು ಅಳಂಗಿಲ್ಲ,” ಎಂದಳು. “ನನ್ನ ಮುಂದ ಕುಂತ್ರ ಎದ್ದು ಬಚ್ಚಲಕ್ಕ ಹೋಗಿ ಅಳ್ತೀರಿ. ಬಕೆಟ್ ಖಾಲಿ ಮಾಡಬ್ಯಾಡ್ರಿ, ಮತ್ತ ಬಿತ್ರಿ.”

ಅಮರೇಶಪ್ಪ ಅವಳಿಗೆ ಚಪ್ಪಲಿ ತೊಡಿಸಿ, ತೋಳು ಹಿಡಿದು ಎಬ್ಬಿಸಿದ. ಮೆಟ್ಟಿಲಿಳಿಯುತ್ತ, ಈ ಸಲ ಯಾವ ಬೀಜ ತರಲಿ ಎಂದು ಅವಳನ್ನೇ ಕೇಳಿದ.